ಲೇತಿನ ಮುಂದ ಶಿವದಾರ

ತಿರಗೂ ಸಾಮಾನು ಯಾವುದ ಇರ್ಲಿ, ಅದರ ಮುಂದ ಯಾರರೆ ಬಗ್ಗಿ ನಿಂತ್ರ ನನ್ನ ಕಣ್ಣು ಮೊದಲ ಅವರ ಕೊರಳಿಗೆ ಹೋಗತಾವು. ಹಿಟ್ಟಿನ ಗಿರಣ್ಯಾಗ ಹೆಗಲ ಮ್ಯಾಲಿಂದ ವಲ್ಲಿ ಇಳಿಬಿಟ್ಕೊಂಡು ನಿಂತಾವ್ರನ್ನ ಕಂಡ್ರ ಗುರ್ತು ಇರ್ಲಿ ಬಿಡ್ಲಿ, ಒದರಿಬಿಡ್ತೇನಿ. ಮೊಮ್ಮಕ್ಕಳಿಗೆ ನಾಚಿಕಿ ಆಗತೈತಂತ. ಆಗ್ಲಿ ಬಿಡ್ರಿ, ನನಗೇನ ಆಗಬೇಕಾಗೇತಿ.

ದೊಡ್ಡ ಯುದ್ಧ ನಡದಿದ್ದ ಕಾಲದ ಮಾತು ಇದು. ನನ್ನ ತವರು ಹುಕ್ಕೇರಿ ಕಡಿ ಬೆಲ್ಲದ ಬಾಗೇವಾಡಿ, ಕೊಟ್ಟದ್ದು ಮೂಡಲಗಿಗೆ. ಗಂಡನ ಮನ್ಯಾಗ ನಾವು ಮೂರ ಮಂದಿ: ಅತ್ತಿ, ನಮ್ಮ ಮನಿಯವರು, ನಾನು. ಮಾವ ನಾ ಬರೂದಕ್ಕಿಂತ ಮೊದಲ ಲಿಂಗೈಕ್ಯ ಆಗಿದ್ರು. ಪ್ಯಾಟ್ಯಾಗ ನಮ್ಮದೊಂದು ಕಬ್ಬಣದ ಅಂಗಡಿ ಇತ್ತು. ಮೊಳಿ, ಸರಪಳಿ, ನೇಗಿಲ ಕುಡ, ಕಬ್ಬಿನ ಗಾಣಕ್ಕ ಬೇಕಾಗೂ ಸಣ್ಣ ಪುಟ್ಟ ಸಾಮಾನು ಮಾರತಿದ್ವಿ. ಯುದ್ಧ ಶುರು ಆದಮ್ಯಾಲ ಮಾಲು ಬರೂದು ನಿಂತು ಹೋತು. ಸುಗ್ಗಿ ಟೈಮಿನ್ಯಾಗ ಗಾಣದ ಪಿನ್ನು ಮುರದ್ರ ರೈತರು ಓಡಿಕೋತ ಬರಾವ್ರು, ನಮ್ಮವರು ಕೈ ಆಡ್ಸಾವ್ರು, ಅವರು ಬೈಕೋತ ಹೋಗಾವ್ರು. ಹಿಂಗ ಬೈಸಿಕೊಂಡು ಬೈಸಿಕೊಂಡು ಒಂದ ದಿನ ಊಟಕ್ಕ ಕುಂತಾಗ ನಮ್ಮವರು ಅಂದ್ರು, "ಯವ್ವಾ, ಪಿನ್ನು ನಾನ ಮಾಡ್ತೇನಿ."

ಅತ್ತಿ ರೊಟ್ಟಿ ಬಡಿಯೂದು ನಿಲ್ಲಿಸಿದ್ರು. "ಏನ ಮಾಡ್ತಿ? ಸುತಗಿ ಹಿಡದ್ರ ನಿನ್ನ ಬೆರಳಿನ ಮ್ಯಾಲ ನೀನ ಹೊಡಕೊಳ್ಳಾಂವ."

ಅದು ಖರೆ. ನಮ್ಮ ಮನಿಯವರು ಮಾತಿನ್ಯಾಗ ಭಾಳ ಚಲೋ, ಕೈಯಾಗ ಅಷ್ಟಕ್ಕಷ್ಟ. ಆದ್ರ ಹಟ ಹಿಡದ್ರ ಬಿಡೂ ಮನಷ್ಯಾ ಅಲ್ಲ. ಗೋಕಾಕ ಫಾಲ್ಸಿನ ಕಡಿ ಒಬ್ಬ ಮಿಸ್ತ್ರಿ ಇದ್ದಾ, ವಯಸ್ಸಾಗಿ ಕೆಲಸ ಬಿಟ್ಟು ತನ್ನ ಊರಿಗೆ ಹೊಂಟಿದ್ದಾ. ಅವನ ಮನ್ಯಾಗ ಒಂದು ಹಳೀ ಲೇತ್ ಮಶೀನ್ ಇತ್ತು. ಕಬ್ಬಣದ ಸಳಿ ತಿರಗಿಸಿ, ಹತ್ಯಾರ ಹಚ್ಚಿ, ಬೇಕಾದಂಗ ಕೆತ್ತೂ ಯಂತ್ರ. ನಮ್ಮವರು ಅದನ್ನ ಚಕ್ಕಡ್ಯಾಗ ಹೇರಿಕೊಂಡು, ಹಿಂದ ಆ ಮಿಸ್ತ್ರಿನ್ನೂ ಕುಂಡ್ರಿಸಿಕೊಂಡು ಬಂದಬಿಟ್ರು. ಇಳಸಾಕ ಓಣಿ ಮಂದೆಲ್ಲಾ ಬೇಕಾತು. ಅತ್ತಿ ಬಾಗಲಾಗ ನಿಂತು ನೋಡಿದ್ರು. ಯಂತ್ರಕ್ಕ ಚರ್ಮದ ಪಟ್ಟಾ ಐತಿ ಅಂತ ಗೊತ್ತಾದ ಕೂಡ್ಲೆ, "ಅದು ಪಡಸಾಲಿಗೆ ಬರಂಗಿಲ್ಲ. ದೇವರ ಮನಿ ಮುಂದ ಚರ್ಮ ಓಡಾಡಾಕ ನಾ ಬಿಡಂಗಿಲ್ಲ," ಅಂದ್ರು. ಹಂಗಾಗಿ ಬಾಜೂಕಿನ ದನದ ಅಂಕಣದಾಗ ಅದನ್ನ ಹೂಡಿದ್ರು. ಆಕಳಾ ಹಿತ್ತಲಕ್ಕ ಹೋತು. ಪಾಪ, ಎರಡ ದಿನ ಹಾಲ ಕೊಡ್ಲಿಲ್ಲ.

ಯಂತ್ರ ಹೆಂಗಿತ್ತು ಅಂತ ಹೇಳ್ತೇನಿ ಕೇಳ್ರಿ. ಉದ್ದಕ ಒಂದು ಕಬ್ಬಣದ ಮಂಚ. ಅದರ ಎರಡೂ ತುದಿಗೆ ಎರಡ ಮೊನಿ, ಆ ಮೊನಿ ನಡುವ ಸಳಿ ಹಿಡಸೂದು. ಎಡಗಡಿ ಮೊನಿ ಹತ್ರ ಒಂದು ಕಬ್ಬಣದ ಕೊಕ್ಕಿ, ಅದು ಸಳಿ ಕುತಿಗಿ ಹಿಡಕೊಂಡು ಅದನ್ನೂ ತಿರಗಸ್ತಿತ್ತು, ತಾನೂ ತಿರಗತಿತ್ತು. ನಾಕ ಮೊಳ ದೂರ ಒಂದು ದೊಡ್ಡ ಗಾಲಿ, ಅದಕ್ಕೊಂದು ಹಿಡಕಿ. ಒಬ್ರು ಗಾಲಿ ತಿರುವಬೇಕು, ಪಟ್ಟಾ ಅದರ ಜೋಡಿ ಓಡಬೇಕು, ಆವಾಗ ಆ ಕಡಿ ಸಳಿ ತಿರಗಬೇಕು. ಇನ್ನೊಬ್ರು ಸಳಿ ಮ್ಯಾಲ ಬಗ್ಗಿ ಹತ್ಯಾರ ಹಿಡೀಬೇಕು. ಕರೆಂಟು ಗಿರೆಂಟು ನಮ್ಮೂರಾಗ ಎಲ್ಲಿಂದ ಬರಬೇಕು ಆವಾಗ.

ಗಾಲಿ ತಿರುವಾಕ ಒಬ್ಬ ಆಳು ಇಟ್ಟಿದ್ರು. ಮೂರ ದಿನಕ್ಕ ಅಂವಾ ಗಾಣದ ಕೆಲಸಕ್ಕ ಹೋಗಿಬಿಟ್ಟಾ, ಅಲ್ಲಿ ಕಬ್ಬಿನ ಹಾಲರೆ ಸಿಗತೈತಿ ಅಂತ. ನಮ್ಮವರು ನನ್ನ ಮಾರಿ ನೋಡಿದ್ರು. ನಾ ಅತ್ತಿ ಮಾರಿ ನೋಡಿದೆ, ಬ್ಯಾಡ ಅಂದಾರು ಅಂತ. ಅತ್ತಿ, "ಬೀಸೂ ಕಲ್ಲು ತಿರುವಾಕಿ ಗಾಲಿ ತಿರುವಿದ್ರ ಏನಾತು? ಒಳಗ ಅಂಕಣದಾಗ ಯಾರ ನೋಡ್ತಾರ?" ಅಂದ್ರು. ಮುಗೀತು, ನನ್ನ ಕೆಲಸ ಗಟ್ಟಿ ಆತು.

ಮಿಸ್ತ್ರಿ ಕಾಕಾ ಒಂದ ವಾರ ನಮ್ಮಲ್ಲೇ ಇದ್ದು ಕಲಿಸಿದಾ. ಬಡಾಯಿ ಮನಷ್ಯಾ. ತಾನು ಹಿಡದ್ರ ಕಬ್ಬಣ ಬೆಣ್ಣಿ ಆಗತೈತಿ ಅನ್ನಾಂವ. ಅವನ ಎಡಗೈಯಾಗ ಒಂದು ಬೆರಳು ಅರ್ಧಕ್ಕ ಮೊಟಕು. ನನ್ನ ಕಣ್ಣು ಅಲ್ಲೇ ಹೋತು. ಏನಾತ್ರಿ ಅಂತ ಕೇಳಿದ್ರ, "ಇದಾ? ಇದು ಹುಟ್ಟಾ ಹಿಂಗ ಐತೆವ್ವಾ," ಅಂದಾ. ಹುಟ್ಟಾ ಮೊಟಕು ಇದ್ದ ಬೆರಳಿಗೆ ಹೊಲಗಿ ಗುರ್ತು ಎಲ್ಲಿಂದ ಬರ್ತಾವು? ಆವಾಗಿಂದ ಆ ಯಂತ್ರ ಕಂಡ್ರ ನನಗ ಹೆದರಿಕಿ.

ಕಡೀ ದಿನ ಚಕ್ಕಡಿ ಏರೂ ಮುಂದ ಅಂವಾ ನಮ್ಮವರ ಎದಿ ಕಡಿ ಬೆರಳ ಮಾಡಿದಾ. ನಮ್ಮವರ ಕೊರಳಾಗ ಶಿವದಾರ, ಅದರ ತುದಿಗೆ ಬೆಳ್ಳಿ ಕರಡಿಗಿ, ಅದರೊಳಗ ಲಿಂಗ. ಹುಟ್ಟಿದಾಗ ಕಟ್ಟಿದ್ದು, ನಮ್ಮಲ್ಲಿ ಅದನ್ನ ಯಾರೂ ತಗಿಯಂಗಿಲ್ಲ. "ಸಾವಕಾರ್ರ, ಎಲ್ಲಾ ಕಲಿಸೀನಿ, ಇದೊಂದು ಮಾತು ಉಳದೈತಿ. ಲೇತಿನ ಮುಂದ ಕೊರಳಾಗ ಏನೂ ಜೋತಾಡಬಾರದು. ಆ ಕೊಕ್ಕಿ ದಾರ ಹಿಡೀತು ಅಂದ್ರ ಬಿಡಂಗಿಲ್ಲ. ದಾರ ಕಚ್ಚಾ ಇದ್ರ ಹರೀತು, ನೀವು ಉಳದ್ರಿ. ಗಟ್ಟಿ ಇದ್ರ ಕೊರಳ ಒಳಗ ಹೋತು."

ನಮ್ಮವರು ನಕ್ಕು, "ಆತ್ರಿ ಕಾಕಾ, ಜ್ವಾಕಿ ಮಾಡ್ತೇನಿ," ಅಂದ್ರು. ಅವರು ನಕ್ಕಿದ್ದು ನನಗ ಇವತ್ತಿಗೂ ಸಿಟ್ಟ ಬರತೈತಿ.

ನನ್ನ ಹೆದರಿಕಿಗೆ ಕಾರಣ ಇತ್ತು. ತವರಾಗ ನಮ್ಮ ಕಾಕಾನ ಕೈ ಕಬ್ಬಿನ ಗಾಣದಾಗ ಹೋಗಿದ್ದು ನಾ ಕಣ್ಣಾರೆ ಕಂಡಾಕಿ. ಕಬ್ಬು ಉಣಿಸೂ ಮುಂದ ಅಂಗಿ ತೋಳು ಸಿಕ್ತು. ಅಂವಾ ಒದರತಾನ, ಎಲ್ಲಾರೂ ಒದರತಾರ, ಎತ್ತಿಗೆ ಏನ ಗೊತ್ತು? ಅದು ನಡದ ನಡೀತು. ಅದಕ್ಕ ಯಾರೂ ಬೈಲಿಲ್ಲ, ಮೂಕ ಪ್ರಾಣಿ ಅಂತ. ಇಲ್ಲಿ ಮೂಡಲಗ್ಯಾಗ, ಈ ಅಂಕಣದಾಗ, ಆ ಎತ್ತಿನ ಜಾಗಾದಾಗ ನಾ ಇದ್ದೆ. ಆ ಶಿವದಾರ ಕೊಕ್ಕಿಗೆ ಸಿಕ್ರ ನನ್ನ ಗಂಡನ ಕೊರಳ ಹೋಗತೈತಿ, ತಿರುವಿದ ಕೈ ನಂದ ಆಗಿರತೈತಿ. ಹಗಲೆಲ್ಲಾ ಇದ ವಿಚಾರ. ಅಡಗಿ ಮಾಡೂ ಮುಂದ ಸಾರಿಗೆ ಎರಡ ಸಲ ಉಪ್ಪ ಹಾಕಿದ್ದೂ ಐತಿ.

ಮಿಸ್ತ್ರಿ ಹೋದಮ್ಯಾಲ ನಮ್ಮವರ ಕಲಿಯೂದು ಶುರು ಆತು. ಅಯ್ಯ ಶಿವನ, ಏನ ಕಲಿಯೂದದು! ಹತ್ಯಾರ ಒಂದ ಕೂದಲೆಳಿ ಮ್ಯಾಲ ಆದ್ರ ಸಳಿ ಮ್ಯಾಲ ಜಾರಿ ಕಿರ್ರ್ ಅಂತಿತ್ತು, ಕೆಳಗ ಆದ್ರ ಕಚ್ಚಿಕೊಂಡು ಕಟಕಟಕಟ ಅಂತ ಇಡೀ ಯಂತ್ರ ನಡಗತಿತ್ತು. ಹಳೀ ಮಾಲು, ಒಳಗ ಎಲ್ಲೆಲ್ಲಿ ಸವದಿತ್ತೋ ಏನೋ. ಅವರು "ಸಾವಕಾಶ!" ಅನ್ನಾವ್ರು, ನಾ ಸಾವಕಾಶ ಮಾಡಿದ್ರ "ಏ, ನಿಲ್ಲಿಸಬ್ಯಾಡ!" ಅನ್ನಾವ್ರು. "ಒಂದ ಏನರೆ ಹೇಳ್ರಿ, ನನಗೇನ ಎರಡ ಜೋಡಿ ಕೈ ಅದಾವು?" ಅಂತ ನಾನೂ ಹರಿಹಾಯ್ತಿದ್ದೆ. ಬೀಸೂ ಪದ ಬಾಯಾಗ ಗುನುಗಿದ್ರ ಮಾತ್ರ ಗಾಲಿ ಒಂದ ಸಮನ ತಿರಗತಿತ್ತು. ಹಂಗ ಗುನಗಕೋತ, ಕಣ್ಣು ಅವರ ಕೊರಳ ಮ್ಯಾಲ ಇಟ್ಟು, ತಿರುವತಿದ್ದೆ. ಬೆವರು ಕಣ್ಣಾಗ ಇಳದ್ರೂ ರೆಪ್ಪಿ ಬಡಿಯಾಕ ಹೆದರಿಕಿ.

ಮೊದಲನೇ ಪಿನ್ನು ಒಂದ ತುದಿ ದಪ್ಪ, ಒಂದ ತುದಿ ಸಣ್ಣ ಆತು. ಅವರು ಅದನ್ನ ವಲ್ಲ್ಯಾಗ ಒರಸಿ ಒರಸಿ, ದೊಡ್ಡ ಸಾಧನಾ ಮಾಡಿದಾವ್ರಂಗ ಅತ್ತಿ ಕೈಯಾಗ ಕೊಟ್ರು. ಅತ್ತಿ ಬೆಳಕಿಗೆ ಹಿಡದು ನೋಡಿ, "ಗಜ್ಜರಿ ಚಲೋ ಬಂದೈತಪ್ಪಾ. ಪಲ್ಯಾ ಮಾಡ್ಲೇನು?" ಅಂದ್ರು. ನಾ ಸೆರಗ ಬಾಯಿಗೆ ಹಚ್ಚಿ ನಕ್ಕೆ. ಆ ಸುಗ್ಗ್ಯಾಗ ನಾ ನಕ್ಕಿದ್ದು ಅದೊಂದ ಸಲ ಇರಬೇಕು.

ಕೊರಳಿನ ಪಂಚಾಯತಿ ಬ್ಯಾರೇನ ನಡದಿತ್ತು. ಮೊದಲ ಅಂಗಿ ಗುಂಡಿ ಹಾಕಿ ಕರಡಿಗಿ ಒಳಗ ಇಟ್ಕೊಂಡ್ರು. ಒಂದ ದಿನ ಕಾದ ಕಬ್ಬಣದ ಸುರುಳಿ ಸಿಡದು ಅಂಗಿ ಕೊರಳಾಗ ಬಿತ್ತು, ಎದಿ ಸುಟ್ಟು ಬೊಬ್ಬಿ ಎದ್ವು. ಆವತ್ತಿಂದ ಅಂಗಿ ಬಿಟ್ರು, ಬರೇ ಮೈಲೆ ಮಾಡಾಕತ್ರು, ಎದಿ ಸುತ್ತ ಕರಡಿಗಿ ಮ್ಯಾಲಿಂದ ವಲ್ಲಿ ಬಿಗಿತಿದ್ರು. ಬೆವತ ಮೈ, ವಲ್ಲಿ ಎಷ್ಟೊತ್ತ ನಿಂತೀತು? "ರಟ್ಟಿಗೆ ಕಟ್ಕೊಳ್ರಿ, ಕೆಲವರು ಕಟ್ಕೋತಾರ," ಅಂದೆ. ಅತ್ತಿ ಒಳಗಿಂದನ, "ಈ ಮನ್ಯಾಗ ಎದಿ ಮ್ಯಾಲ ಇರೂದು, ಎದಿ ಮ್ಯಾಲನ ಇರತೈತಿ," ಅಂದ್ರು. ನಮ್ಮವರೂ ಹಂಗ ಅಂದ್ರು. "ಅದು ಎದಿಗೆ ಬಡೀತಿದ್ರ ನನಗ ಧೈರ್ಯ ಇರತೈತಿ. ಇಲ್ಲಂದ್ರ ಬತ್ತಲಿ ನಿಂತಂಗ ಆಗತೈತಿ." ನಾ ಏನ ಹೇಳ್ಲಿ? ನನ್ನ ಕೊರಳಾಗೂ ಲಿಂಗ ಐತಿ. ತಗೀ ಅಂದ್ರ ನಾ ತಗೀತೇನೇನು?

ಅಷ್ಟರಾಗ ಶಿವದಾರ ಎಣ್ಣಿ, ಕಬ್ಬಣದ ಪುಡಿ ಹತ್ತಿ ಕರ್ರಗಾತು, ಅಲ್ಲಲ್ಲೆ ಎಳಿ ಬಿಟ್ತು. ನನಗ ಒಳಗೊಳಗ ಖುಷಿ. ಸವಿಲಿ, ಇನ್ನೂ ಸವಿಲಿ, ಸಿಕ್ರ ಹರದ ಹೋಗ್ಲಿ ಅಂತ. ಅತ್ತಿ ಕಣ್ಣಿಗೆ ಅದು ಬಿತ್ತು. ಅವರ ಮಾರಿ ಬಾಡಿತು. ದಾರ ಹರದು ಲಿಂಗ ನೆಲಕ್ಕ ಬೀಳೂದು ಅಂದ್ರ ಅವರಿಗೆ ಮನಿ ಬೀಳೂದಕ್ಕಿಂತ ದೊಡ್ಡದು. ಅವರ ಕಾಲದ ಹಿರೇರು ಲಿಂಗ ಹೋದ್ರ ಜೀವಾ ಬಿಡೂ ಮಾತ ಆಡಾವ್ರು. ಆವತ್ತ ಸಂಜಿಕೆ ರಾಟಿ ತಗದು ಕುಂತ್ರು, ಹೊಸಾ ನೂಲು ನೂತು, ಎಳಿ ಮ್ಯಾಲ ಎಳಿ ಹಾಕಿ, ತೊಡಿ ಮ್ಯಾಲ ಹೊಸೆದು ಹೊಸೆದು ಒಂದು ಶಿವದಾರ ಮಾಡಿದ್ರು. ಅಂಥಾ ದಪ್ಪ ದಾರ ನಾ ಯಾರ ಕೊರಳಾಗೂ ಕಂಡಿದ್ದಿಲ್ಲ. ಓಣಿ ಹೆಣ್ಣಮಕ್ಕಳು ಬಂದ್ರ ಎತ್ತಿ ತೋರಸಾವ್ರು: "ನೋಡ್ರೆವಾ, ಎತ್ತಿನ್ನ ಕಟ್ಟಿದ್ರೂ ಹರಿಯಂಗಿಲ್ಲ!"

ಮಂದಿ ಹೋದಮ್ಯಾಲ ತಡಿಲಾರದ ಕೇಳಿದೆ, "ಅತ್ತೀ, ಇಷ್ಟ ಗಟ್ಟಿ ಯಾಕ್ರಿ? ಮಿಸ್ತ್ರಿ ಏನ ಹೇಳಿ ಹೋದಾ ನೀವೂ ಕೇಳೀರಿ."

"ಕೇಳೀನಿ."

"ಸಿಕ್ರ ಹರೀಬೇಕು ಅಂದಾನ್ರಿ ಅಂವಾ."

"ಹರದು ಲಿಂಗ ಆ ಸೆಗಣಿ ನೆಲಕ್ಕ ಬಿದ್ರ? ನೀ ಉತ್ತರಾ ಕೊಡ್ತಿಯೇನ ಶಿವಗ?"

"ನಿಮ್ಮ ಮಗಾ ಬಿದ್ರ ಯಾರ ಉತ್ತರಾ ಕೊಡ್ತಾರ್ರಿ?"

ಬಾಯಿಂದ ಬಂದಬಿಟ್ಟಿತು. ಅತ್ತಿ ನನ್ನ ಮಾರಿ ನೆಟ್ಟಗ ನೋಡಿದ್ರು. "ಬಾಯಿ ಭಾಳ ಆತು ನಿಂದು," ಅಂದು ರಾಟಿ ಎತ್ತಿಕೊಂಡು ಒಳಗ ಹೋದ್ರು. ಮರುದಿನ ಮುಂಜಾನೆ ಪೂಜಾ ಆದಮ್ಯಾಲ ತಾವ ಕೈಯಾರೆ ಮಗನ ಕೊರಳಿಗೆ ಆ ಹೊಸಾ ದಾರ ಕಟ್ಟಿದ್ರು. ಗಂಟು ಎಲ್ಲಿ ಬರಬೇಕು, ಯಾವ ಕಡಿ ಹಿಂದ ಬರಬೇಕು ಅಂತ ತಿರಗಿಸಿ ತಿರಗಿಸಿ ನೋಡಿ ಕಟ್ಟಿದ್ರು. ನಮ್ಮವರು ದಾರ ಜಗ್ಗಿ ನೋಡಾಕ ಹೋದ್ರ ಕೈ ಮ್ಯಾಲ ಒಂದ ಏಟ ಕೊಟ್ರು, "ಏ, ನನ್ನ ಕೆಲಸಾ ನೋಡಾಂವ ನೀ ಯಾಂವ?"

ನಾ ಅತ್ತಿ ಜೋಡಿ ಮಾತ ಬಿಟ್ಟೆ. ಕೇಳಿದ್ದಕ್ಕ ಹೂಂ, ಊಹೂಂ, ಅಷ್ಟ. ಈ ಮುದುಕಿಗೆ ಮಗನಕಿಂತ ದಾರ ಹೆಚ್ಚಾತು ಅಂತ ಒಳಗೊಳಗ ಉರೀತಿದ್ದೆ. ನಮ್ಮವರಿಗೆ ಹೇಳಿದ್ರ, "ನೀ ಸುಮ್ಮಸುಮ್ಮನ ಜೀವಾ ತಿಂತಿ ನೋಡು. ಯವ್ವಾ ಕಟ್ಟ್ಯಾಳ ಅಂದ್ರ ಏನೂ ಆಗಂಗಿಲ್ಲ," ಅಂದ್ರು. ಒಂದ ದಿನ ಮಧ್ಯಾನ ಅವರು ಉಂಡು ಪಡಸಾಲ್ಯಾಗ ಮಲಗಿದ್ರು. ಶಿವದಾರ ಬಗಲಾಗ ಜಾರಿ ಬಿದ್ದಿತ್ತು. ನಾ ಕತ್ತರಿ ತಗೊಂಡು ಬಾಜೂಕ ಕುಂತೆ. ನಾಕ ಎಳಿ, ಬರೇ ನಾಕ ಎಳಿ ಕತ್ತರಿಸಿದ್ರ ಸಾಕು ಅಂತ. ಕಟ್ಟಿದ ಶಿವದಾರಕ್ಕ ಕತ್ತರಿ ಹಚ್ಚೂದಂದ್ರ! ನಾಳೆ ನೀರು ಸೇದೂ ಮುಂದೋ, ಸಂತ್ಯಾಗೋ ಹರದು ಬಿದ್ರ? ಅವರಿಗೇನರೆ ಕೇಡಾದ್ರ ಅದೂ ನನ್ನಿಂದನ ಅನ್ನಂಗ ಆತಲ್ಲ? ಕತ್ತರಿ ಗೂಡಿನ್ಯಾಗ ಇಟ್ಟು ಬಂದೆ. ಹೇಡಿ ಅಂತ ನನಗ ನಾನ ಬೈಕೊಂಡೆ.

ದಿನಾ ಹೋತು. ಅವರ ಕೈ ಕುದರಾಕತ್ತಿತು. ಗಜ್ಜರಿ ಹೋಗಿ ಪಿನ್ನು ಆಗಾಕತ್ತಿದ್ವು. ಒಂದೆರಡು ಗಾಣದಾಗ ಹೋಗಿ ಕುಂತೂ ಕುಂತ್ವು. ಕೈ ಕುದರಿದಂಗ ಅವರ ಧೈರ್ಯ ಹೆಚ್ಚಾತು, ಧೈರ್ಯ ಹೆಚ್ಚಾದಂಗ ಬಗ್ಗೂದು ಹೆಚ್ಚಾತು. ಹತ್ಯಾರದ ತುದಿ ನೋಡಾಕ ಮೂಗು ಸಳಿಗೆ ಹತ್ತೂವಂಗ ಬಗ್ಗತಿದ್ರು. "ಸರೀರ್ರಿ ಹಿಂದ!" ಅಂತ ನಾ, "ಗಪ್ಪ ತಿರುವು!" ಅಂತ ಅವರು.

ಆವತ್ತ ಮುಂಜಾನೆ ಒಬ್ಬ ರೈತ ಬಂದು ಅಂಗಡಿ ಕಟ್ಟಿ ಮ್ಯಾಲ ಕುಂತಬಿಟ್ಟಿದ್ದಾ. ಗಾಣ ನಿಂತೈತಿ, ಕಡದ ಕಬ್ಬು ಒಣಗಾಕತ್ತೈತಿ, ಪಿನ್ನು ತಗೊಂಡ ಹೋಗಾಂವ ಅಂತ. ನಮ್ಮವರು ಗಡಿಬಿಡಿ ಮಾಡಿ ಬಂದು, "ಜಲ್ದಿ ತಿರುವು," ಅಂದ್ರು. ವಲ್ಲಿ ಬಿಗಿಲಿಲ್ಲ, ಹಂಗ ಸುತ್ತಿಕೊಂಡ್ರು. ನಾ ನೋಡಿದೆ. "ಬಿಗೀರ್ರಿ ಅದನ್ನ," ಅಂದೆ. "ಆತ ಆತ," ಅಂದ್ರು, ಬಿಗಿಲಿಲ್ಲ. ನಾ ತಿರುವಾಕತ್ತಿದೆ. ಯಾಕ ತಿರುವಿದ್ನೋ ಏನೋ.

ಸಳಿ ಬೆಳ್ಳಗಾಗಾಕತ್ತಿತ್ತು. ಅವರು ಬಗ್ಗಿದ್ರು, ಇನ್ನೂ ಬಗ್ಗಿದ್ರು. ವಲ್ಲಿ ಸಡಲಿ ನಡುಕ್ಕ ಇಳೀತು. ಕರಡಿಗಿ ಹೊರಗ ಬಂದು ಒಮ್ಮೆ ಜೀಕಿತು. ನಾ ಬಾಯಿ ತಗದೆ, ಒದರಿದ್ನೋ ಇಲ್ಲೋ ಗೊತ್ತಿಲ್ಲ. ದಾರ ಕೊಕ್ಕಿಗೆ ಹೋಗಿ ಬಿತ್ತು.

ಹಿಡಕಿ ಹಿಂದಕ್ಕ ಜಗ್ಗಿದೆ. ಗಾಲಿ ನಿಂದರವಲ್ದು! ಅದರ ಭಾರಕ್ಕ ಅದು ತಿರಗತೈತಿ. ಹಿಡಕಿ ನನ್ನನ್ನ ಎಳಕೊಂಡು ಹೋತು, ಮಣಿಕಟ್ಟು ಕಳಕ್ಕ ಅಂತು, ಬಳಿ ಒಡದ್ವು. ಅವರ ತಲಿ ಕೆಳಗ ಹೋತು, ಎರಡೂ ಕೈ ಯಂತ್ರದ ಮಂಚಕ್ಕ ಕೊಟ್ಟು ಹಿಂದಕ್ಕ ಜಗ್ಗಾಕತ್ಯಾರ, ಕೊರಳಿನ ನರಾ ಹಗ್ಗದಂಗ ಉಬ್ಯಾವು. ಬಾಯಾಗಿಂದ ಶಬ್ದ ಬರವಲ್ದು. ಹೋತು, ನನ್ನ ಕೈಯಾರೆ ಹೋತು, ಅಂದ್ಕೊಂಡೆ.

ಫಟ್ ಅಂತು. ಅವರು ಹಿಂದಕ್ಕ ಮೇವಿನ ಗ್ವಾದಲಿ ಮ್ಯಾಲ ಹೋಗಿ ಬಿದ್ರು.

ಗಾಲಿ ಇನ್ನೂ ತಿರಗತಿತ್ತು. ನಾ ನೆಲದ ಮ್ಯಾಲ ಕುಂತಬಿಟ್ಟಿದ್ದೆ. ಅವರು ಕೆಮ್ಮಿದ್ರು. ಆ ಕೆಮ್ಮು ಕೇಳಿ ನಾ ಹೋ ಅಂತ ಅಳಾಕತ್ತಿದೆ. ಅವರು ಎದಿ ಮುಟ್ಟಿ ನೋಡಿಕೊಂಡು, ಹರಕ ಧ್ವನಿಲೆ, "ಲಿಂಗ? ಲಿಂಗ ಎಲ್ಲೈತಿ?" ಅಂದ್ರು.

ಅತ್ತಿ ಬೂದಿಗೈಲೆ ಓಡಿ ಬಂದ್ರು. ಮೊದಲ ಲಿಂಗ ಹುಡುಕತಾರ ಅಂತ ನಾ ತಿಳಕೊಂಡಿದ್ದೆ. ಅವರು ಸೀದಾ ಮಗನ ಗದ್ದಾ ಎತ್ತಿ, ಕೊರಳಿನ ಸುತ್ತ ಬೆರಳ ಆಡಿಸಿ ನೋಡಿದ್ರು. ಹಿಂಬದಿಗೆ ಕೆಂಪಗ ಒಂದು ಬರಿ ಎದ್ದಿತ್ತು, ಎರಡ ಕಡಿ ರಕ್ತ ಜಿನಗತಿತ್ತು. "ನುಂಗು," ಅಂದ್ರು. ನಮ್ಮವರು ಉಗುಳು ನುಂಗಿದ್ರು. "ಹಾಂ," ಅಂದು ಅತ್ತಿ ಉಸರ ಬಿಟ್ರು. ಆಮ್ಯಾಲ ಮೊಣಕಾಲೂರಿ ಕಬ್ಬಣದ ಚೂರಿನ್ಯಾಗ ಕೈಯಾಡಿಸಿ ಕರಡಿಗಿ ಹುಡುಕಿದ್ರು. ಒಂದ ಮಗ್ಗಲ ತೆಗ್ಗ ಬಿದ್ದಿತ್ತು. ಒಳಗ ಲಿಂಗ ನೆಟ್ಟಗಿತ್ತು. ಸೆರಗಿನ್ಯಾಗ ಕಟ್ಟಿಕೊಂಡು, ಮಗನ್ನ ಎಬ್ಬಿಸಿಕೊಂಡು, "ನಡಿ, ಮೈ ತೊಳಕೊ," ಅಂದ್ರು. ನನ್ನ ಕಡಿ ತಿರಗಿ, "ಅಳೂದು ಆಮ್ಯಾಲ. ಕೈ ತೋರ್ಸು," ಅಂದ್ರು. ಮಣಿಕಟ್ಟು ಬಾತಿತ್ತು. ಅರಿಷಿಣಾ ಹಚ್ಚಿ ಕಟ್ಟಿದ್ರು. ನಾ ಅವರ ಮಾರಿ ನೋಡ್ಲಿಲ್ಲ. ನಿಮ್ಮ ದಾರ ನನ್ನ ಗಂಡನ್ನ ಕೊಲ್ಲತಿತ್ತು ಅಂತ ಬಾಯಿ ತುದಿಗೆ ಬಂದಿತ್ತು.

ಆಮ್ಯಾಲ ಅಂಕಣಕ್ಕ ಹೋದೆ. ಕೊಕ್ಕಿಗೆ ಸುತ್ತಿದ್ದ ದಾರ ಬಿಚ್ಚಬೇಕಾಗಿತ್ತು. ಒಂದ ಕೈಲೆ ಬಿಚ್ಚತಾ ಬಿಚ್ಚತಾ ಹರದ ತುದಿ ಕೈಗೆ ಬಂತು. ನಾನೂ ನೂಲು ನೂತಾಕಿ. ನೋಡಿದ ಕೂಡ್ಲೆ ಗೊತ್ತಾತು. ದಾರಕ್ಕ ಎಲ್ಲಾ ಕಡಿ ಹೊಸಾ ನೂಲು, ಒಳಗೂ ಹೊಸಾದು, ಹೊರಗೂ ಹೊಸಾದು. ಹಿಂಗೊರಳಿಗೆ ಬರೂ ಒಂದ ಗೇಣು ಮಾತ್ರ ಒಳಗೆಲ್ಲಾ ಹಳೀ, ಸವದ ಲಡ್ಡ ನೂಲು. ಮ್ಯಾಲ ಕಾಣೂವಂಗ ಹೊಸಾ ಎಳಿ ಒಂದ ಸುತ್ತು, ಅಷ್ಟ. ಹರದದ್ದು ಅಲ್ಲೇ.

ದಾರ ಮುಷ್ಟಿಯಾಗ ಹಿಡಕೊಂಡು ಅಡಗಿ ಮನಿಗೆ ಹೋದೆ. ಅತ್ತಿ ಒಲಿ ಮುಂದ ಸುಮ್ಮನ ಕುಂತಿದ್ರು, ಒಲಿ ಹಚ್ಚಿದ್ದಿಲ್ಲ. ನಾ ಕೈ ಬಿಚ್ಚಿ ತೋರಿಸಿದೆ. ಅವರು ಬಾಗಲ ಕಡಿ ಒಮ್ಮೆ ನೋಡಿ, ದನಿ ಇಳಿಸಿ ಅಂದ್ರು:

"ತುಂಬಿದ ತಂಬಿಗಿ ಜೋತ ಬಿಟ್ಟು ನೋಡಿದ್ದೆ, ತಡೀತು. ಎರಡೂ ಕೈಲೆ ಝಾಡಿಸಿ ಜಗ್ಗಿ ನೋಡಿದ್ದೆ, ಹರೀತು. ಹಂಗ ಇರಬೇಕಾಗಿತ್ತು ಅದು."

"ಮತ್ತ ಓಣಿ ಮಂದಿ ಮುಂದ ಅಷ್ಟ ಬಡಾಯಿ ಯಾಕ್ರಿ ಅತ್ತಿ? ನನಗರೆ ಹೇಳಬಾರದಾಗಿತ್ತಾ?"

"ನಿನ್ನ ಮಾರಿ ನೋಡಿದ್ರ ಅಂವಾ ಎಲ್ಲಾ ಓದತಾನ. ದಾರ ಕಚ್ಚಾ ಐತಿ ಅಂತ ಗೊತ್ತಾದ್ರ ಅಂವಾ ಏನ ಮಾಡ್ತಾನ ಹೇಳು? ಒಂದ ಕೈ ಸದಾ ಕರಡಿಗಿ ಮ್ಯಾಲ ಇಡ್ತಾನ. ಹತ್ಯಾರ ಒಂದ ಕೈಲೆ ಹಿಡೀತಾನ. ಮತ್ತ ಆ ಕೈ ಹೋಗತೈತಿ. ಗಟ್ಟಿ ಐತಿ ಅಂತ ತಿಳಕೊಂಡ್ರ ಎರಡೂ ಕೈ ಕೆಲಸದ ಮ್ಯಾಲ ಇರ್ತಾವು."

ಇಷ್ಟ ದಿನಾ ಈ ಹೆಣ್ಣಮಗಳಿಗೆ ಏನೇನ ಅಂದುಕೊಂಡಿದ್ದೆ.

"ಲಿಂಗ ಬೀಳತೈತಿ ಅಂತ ಗೊತ್ತಿದ್ದ ಹೊಸೆದೀರಿ?" ಅಂದೆ.

"ಗೊತ್ತಿದ್ದ." ಕಣ್ಣಾಗ ನೀರ ತುಂಬಿತ್ತು, ಒರಸಿಕೊಳ್ಳಲಿಲ್ಲ. "ಪೂಜಾಕ್ಕ ಕುಂತಾಗೆಲ್ಲಾ ಹೇಳೀನಿ ಆ ಶಿವಗ. ಬಿದ್ರ ಆ ಪಾಪ ನನ್ನ ತಲಿ ಮ್ಯಾಲ ಹಾಕು, ನನ್ನ ಮಗನ ಮ್ಯಾಲ ಬ್ಯಾಡ ಅಂತ. ಇವತ್ತ ಬಿತ್ತು. ಇನ್ನ ಅವನ ಮುಂದ ಹೆಂಗ ಕುಂದರಬೇಕೋ ನನಗ ತಿಳೀವಲ್ದು."

ಅತ್ತಿ ಆವತ್ತ ಬಾಯಾಗ ನೀರು ಹಾಕ್ಲಿಲ್ಲ. ಮಠದ ಅಯ್ಯನವರು ಬಂದು ಲಿಂಗ ತೊಳದು, ಪೂಜಾ ಮಾಡಿ, ಹೆಂಗಾತು ಅಂತ ಕೇಳಿದ್ರು. "ನನ್ನ ಹೊಸೆತ ಸುಮಾರಾತ್ರಿ ಅಯ್ಯನವರ, ಮುದುಕಿ ಆದೆ," ಅಂದ್ರು ಅತ್ತಿ. ಜಿಲ್ಲಾದಾಗ ಅವರಂಗ ಹೊಸ್ಯಾವ್ರು ಇದ್ದಿದ್ದಿಲ್ಲ. ಅಂಥಾಕಿ ಮಂದಿ ಮುಂದ ಕೈ ಕೆಟ್ಟಾಕಿ ಅನ್ನಿಸಿಕೊಂಡ್ರು. ಹೊಸಾ ದಾರ ಆಗೂತನಕಾ ನಮ್ಮವರು ಕರಡಿಗಿ ಎರಡೂ ಕೈಲೆ ಎದಿಗೆ ಹಿಡಕೊಂಡು ಪಡಸಾಲ್ಯಾಗ ಕುಂತಿದ್ರು, ಸಣ್ಣ ಹುಡುಗರಂಗ.

ಅತ್ತಿ ರಾಟಿ ತಗದ್ರು. ನನ್ನನ್ನ ಕರದು ಬಾಜೂಕ ಕುಂಡ್ರಿಸಿಕೊಂಡ್ರು. ಹೊಸಾ ನೂಲಿನ ಎಳಿ ಕೂಡಿಸಿ ಹೊಸೆದ್ರು, ಅರ್ಧಾ ದಾರ ಆತು. ಆಮ್ಯಾಲ ನನ್ನ ಮುಷ್ಟಿಯಾಗಿದ್ದ ಹರದ ದಾರ ಬಿಡಿಸಿಕೊಂಡು, ಅದರಾಗಿನ ಲಡ್ಡ ಎಳಿ ಒಂದೊಂದ ಹಿರದು ತಮ್ಮ ತೊಡಿ ಮ್ಯಾಲ ಇಟ್ಟುಕೊಂಡ್ರು. ಅಲ್ಲೇ ಅವರ ಕೈ ನಿಂತ್ವು. ಮತ್ತೊಮ್ಮೆ ಹಿಡದ್ರು, ಎಳಿ ಜಾರಿ ಬಿತ್ತು. ನನ್ನ ಮಾರಿ ನೋಡಿದ್ರು. ಹೊಸಿ ಅಂತ ಅನ್ನಲಿಲ್ಲ.

ನಾ ಅವರ ತೊಡಿ ಮ್ಯಾಲಿನ ಎಳಿ ಎತ್ತಿಕೊಂಡೆ. ಕಟ್ಟಿದ ಕೈ ನೋಯತಿತ್ತು. ಶಿವನ, ಇದು ನಂದೂ ಇರ್ಲಿ, ಇವರೊಬ್ಬರದ ಬ್ಯಾಡ ಅಂತ ಮನಸಿನ್ಯಾಗ ಅಂದು, ಆ ಒಂದ ಗೇಣು ನಾ ಹೊಸೆದೆ.

ಪಡಸಾಲಿಯಿಂದ ನಮ್ಮವರು ಕೂಗಿದ್ರು, "ಯವ್ವಾ, ಈ ಸಲ ಇನ್ನೂ ಗಟ್ಟಿ ಹೊಸಿ."

ಅತ್ತಿ ಬಾಯಿ ತಗಿಯೂದರೊಳಗ ನಾನ ಅಂದೆ, "ಗಟ್ಟಿನ ಹೊಸ್ಯಾಕತ್ತೇವ್ರಿ. ನೀವೇನ ಕಾಳಜಿ ಮಾಡಬ್ಯಾಡ್ರಿ."